ಆಡದೇ ಉಳಿದ ಒಂದು ಮಾತು

‘ಲೋನ್‌ಸಮ್ ಡವ್’ ನೋಡಿದವರೆಲ್ಲ ಹೊಗಳುವುದು ಒಂದನ್ನೇ: ಸ್ನೇಹ. ಸಾಯುವ ಗೆಳೆಯನಿಗೆ ಕೊಟ್ಟ ಮಾತಿಗಾಗಿ ಮುದುಕನೊಬ್ಬ ಅವನ ಹೆಣವನ್ನು ಮೊಂಟಾನಾದಿಂದ ಟೆಕ್ಸಾಸಿಗೆ ಸಾಗಿಸುತ್ತಾನೆ. ಈಚೆಗೆ ಹಾಸ್ಟೆಲಿನಲ್ಲಿ ಅದರ ನಾಲ್ಕೂ ಭಾಗಗಳನ್ನು ನೋಡಿ ಮುಗಿಸಿದಾಗ ಎಲ್ಲರ ಕಣ್ಣೂ ಒದ್ದೆಯಾಗಿತ್ತು, ನನ್ನದೂ. ಆದರೆ ಗೆಳೆಯನೊಬ್ಬ, ‘ಗಂಡಸು ಅಂದ್ರೆ ಹೀಗಿರಬೇಕು ನೋಡು, ಮಾತು ಕಮ್ಮಿ, ಕೆಲಸ ಜಾಸ್ತಿ’ ಅಂದಾಗ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಲ್ಯಾರಿ ಮೆಕ್‌ಮರ್ಟ್ರಿಯ 1985ರ ಕಾದಂಬರಿಯನ್ನು ಆಧರಿಸಿದ ಈ ಕಿರುಸರಣಿ 1989ರ ಫೆಬ್ರವರಿಯಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾಯಿತು. ಟೆಕ್ಸಾಸ್ ರೇಂಜರ್ ಕೆಲಸ ಬಿಟ್ಟು ಗಡಿಯೂರೊಂದರಲ್ಲಿ ಮುಪ್ಪಾಗುತ್ತಿರುವ ಇಬ್ಬರು, ಗಸ್ ಮತ್ತು ಕಾಲ್, ದನಗಳ ಹಿಂಡು ಹೊಡೆದುಕೊಂಡು ಉತ್ತರಕ್ಕೆ ಹೊರಡುತ್ತಾರೆ. ಗಸ್ ಆಗಿ ರಾಬರ್ಟ್ ಡುವಾಲ್, ಕಾಲ್ ಆಗಿ ಟಾಮಿ ಲೀ ಜೋನ್ಸ್. ಹಿಂಡಿನ ಹಿಂದೆ ಧೂಳು ಕುಡಿಯುತ್ತ ನ್ಯೂಟ್ ಎಂಬ ಹುಡುಗ ಬರುತ್ತಾನೆ. ಅವನ ತಾಯಿ ಮ್ಯಾಗಿ ವೇಶ್ಯೆಯಾಗಿದ್ದಳು, ಸತ್ತುಹೋಗಿದ್ದಾಳೆ. ತಂದೆ ಕಾಲ್. ಇದು ಕಾಲ್‌ನಿಗೂ ಗೊತ್ತು, ಗಸ್‌ಗೂ ಗೊತ್ತು. ಹುಡುಗನೊಬ್ಬನಿಗೆ ಯಾರೂ ಹೇಳಿಲ್ಲ.

ಈಗ ಕಾಲ್ ಮಾಡುವುದನ್ನು ನೋಡಿ. ಸೈನ್ಯದ ಸ್ಕೌಟ್ ಒಬ್ಬ ನ್ಯೂಟ್‌ಗೆ ಚಾಟಿಯಲ್ಲಿ ಹೊಡೆದಾಗ ಕಾಲ್ ಕುದುರೆ ನುಗ್ಗಿಸಿ ಅವನನ್ನು ಸಾಯುವಂತೆ ಬಡಿಯುತ್ತಾನೆ. ಜೊತೆಗಾರ ಡೀಟ್ಸ್ ಸತ್ತಾಗ ಅವನ ಗುಣಗಳನ್ನು ಹಲಗೆಯ ಮೇಲೆ ಕೈಯಾರೆ ಕೆತ್ತಿ ಸಮಾಧಿಗೆ ನೆಡುತ್ತಾನೆ. ಇದಕ್ಕೆ ಚರಿತ್ರೆಯ ಆಧಾರವೂ ಇದೆ: ದನಗಾಹಿ ದೊರೆ ಚಾರ್ಲ್ಸ್ ಗುಡ್‌ನೈಟ್, ಗುಲಾಮನಾಗಿ ಹುಟ್ಟಿ 1929ರಲ್ಲಿ ತೀರಿಕೊಂಡ ತನ್ನ ಕಪ್ಪು ಸಂಗಾತಿ ಬೋಸ್ ಐಕಾರ್ಡ್‌ಗೆ ಅಂಥದೇ ಸಮಾಧಿಕಲ್ಲು ನೆಡಿಸಿದ್ದ. ಗೆಳೆಯ ಆಲಿವರ್ ಲವಿಂಗ್‌ನ ಹೆಣವನ್ನು ಊರಿಗೆ ತಂದವನೂ ಅವನೇ. ಅಂದರೆ ಕಾಲ್‌ನಿಗೆ ಮಾತು ಬಾರದೆ ಇಲ್ಲ. ಸತ್ತವರ ವಿಷಯದಲ್ಲಿ ಅವನು ಧಾರಾಳಿ. ಸತ್ತವರು ತಿರುಗಿ ಏನನ್ನೂ ಕೇಳುವುದಿಲ್ಲವಲ್ಲ.

‘ಆ ಕಾಲದ ಗಂಡಸರೇ ಹಾಗೆ’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಅದೇ ಕಾಲದ, ಅದೇ ಕಸುಬಿನ ಗಸ್ ಬಾಯ್ತುಂಬ ಮಾತಾಡುತ್ತಾನೆ. ಹುಡುಗನನ್ನು ಮಗನೆಂದು ಒಪ್ಪಿಕೋ ಎಂದು ಕಾಲ್‌ನನ್ನು ಕೊನೆಯವರೆಗೂ ಒತ್ತಾಯಿಸುತ್ತಾನೆ. ಕ್ಲಾರಾ ಇನ್ನೂ ಖಡಕ್ಕು. ಕೊಟ್ಟ ಮಾತು ಎನ್ನುವುದು ಗಂಡಸರಿಗೆ ಬಿಟ್ಟುಹೋಗಲು ಸಿಗುವ ನೆಪ ಎಂದು ಹೆಣದ ಗಾಡಿಯ ಮುಂದೆಯೇ ಕಾಲ್‌ನ ಮುಖಕ್ಕೆ ಹೇಳಿ, ಅವನನ್ನು ಹೇಡಿ ಎನ್ನುತ್ತಾಳೆ. ಇಡೀ ಸರಣಿಯಲ್ಲಿ ಅತ್ಯಂತ ನಿಜವಾದ ಮಾತು ಅದು. ನಾವು ಅದನ್ನು ಮಾತ್ರ ಮರೆತುಬಿಡುತ್ತೇವೆ.

ಮರೆಯುವಂತೆ ಮಾಡುವುದು ಸರಣಿಯೇ. ಬೇಸಿಲ್ ಪೊಲೆಡೂರಿಸ್‌ನ ಸಂಗೀತ, ವಿಶಾಲ ಬಯಲು, ಒಂಟಿ ಗಾಡಿ ಎಲ್ಲವೂ ಕಾಲ್‌ನ ಪರ ವಕಾಲತ್ತು ವಹಿಸುತ್ತವೆ. ತಾನು ಒರಟು ಕಾಲದ ಒರಟು ಜನರ ಬಗ್ಗೆ ಬರೆದರೆ ಓದುಗರು ಅದನ್ನೇ ಆದರ್ಶವಾಗಿ ಕಂಡರು ಎಂಬ ಅಸಮಾಧಾನ ಮೆಕ್‌ಮರ್ಟ್ರಿಗೂ ಇತ್ತು.

ಮೌನವನ್ನು ಘನತೆ ಎಂದು ಕರೆಯುವವರು ಸಾಮಾನ್ಯವಾಗಿ ಆ ಮೌನದ ಈಚೆ ಬದಿಯಲ್ಲಿ ಕಾದು ಕೂತವರಲ್ಲ. ಮುಂದಿನ ಸಲ ಈ ಸರಣಿ ನೋಡುವವರು ಹೆಣದ ಗಾಡಿಯ ಹಿಂದೆ ಹೋಗದೆ ಮೊಂಟಾನಾದಲ್ಲೇ ಸ್ವಲ್ಪ ನಿಲ್ಲಿ. ಹೊರಡುವ ಮುನ್ನ ಕಾಲ್ ತನ್ನ ಕುದುರೆಯನ್ನು, ತನ್ನ ತಂದೆಯ ಗಡಿಯಾರವನ್ನು, ರ‍್ಯಾಂಚಿನ ಯಜಮಾನಿಕೆಯನ್ನು ನ್ಯೂಟ್‌ಗೆ ಕೊಡುತ್ತಾನೆ. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಹೊರಟುಹೋಗುತ್ತಾನೆ. ನಿನ್ನನ್ನು ಸ್ವಂತದವನಂತೆ ನಡೆಸಿಕೊಂಡನಲ್ಲ ಎಂದು ಜೊತೆಯವನು ಹೇಳಿದಾಗ, ಈ ಲೋಕದಲ್ಲಿ ನನಗೆ ಯಾರೂ ಇಲ್ಲ ಎನ್ನುತ್ತಾನೆ ಹುಡುಗ. ನನ್ನ ಕಣ್ಣು ಒದ್ದೆಯಾದದ್ದು ಅಲ್ಲಿ.