ಕಲ್ಲಿನ ಧೂಳಿಗೆ ಕರವಸ್ತ್ರ ಸಾಲದು

ಹೊಸ ಮನೆಯ ಅಡುಗೆಕಟ್ಟೆಗೆ ಗ್ರಾನೈಟ್ ಕತ್ತರಿಸುವುದನ್ನು ನೀವು ನೋಡಿರಬಹುದು. ಕೆಲಸಗಾರನ ಕೈಯಲ್ಲಿ ಕಟಿಂಗ್ ಮೆಷಿನ್, ಮೂಗಿಗೊಂದು ಕರವಸ್ತ್ರ, ಸುತ್ತ ಬಿಳಿ ಧೂಳು. ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಅವನು ದಿನವಿಡೀ ಅದನ್ನೇ ಉಸಿರಾಡುತ್ತಾನೆ.

ಗ್ರಾನೈಟ್‌ನಲ್ಲಿ ಸಿಲಿಕಾ ಹೇರಳವಾಗಿದೆ. ಅದರ ಅತಿ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣವು. ಬಟ್ಟೆಯ ಎಳೆಗಳ ನಡುವೆ ನುಸುಳಿ ಶ್ವಾಸಕೋಶದ ಆಳ ಸೇರುತ್ತವೆ. ಅಲ್ಲಿ ಗಂಟುಗಳಾಗಿ ಶ್ವಾಸಕೋಶ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ವೈದ್ಯರು 1940ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಆ ಗಣಿಗಳು 2001ರಲ್ಲಿ ಮುಚ್ಚಿದವು. ರೋಗ ಮಾತ್ರ ಹೋಗಿಲ್ಲ.

ಸಾಮಾನ್ಯವಾಗಿ ಹತ್ತು ವರ್ಷಗಳ ಬಳಿಕ, ಧೂಳು ವಿಪರೀತವಿದ್ದರೆ ಕೆಲವೇ ವರ್ಷಗಳಲ್ಲಿ ಕೆಮ್ಮು, ಏದುಸಿರು ಶುರುವಾಗುತ್ತವೆ. ಆದ ಹಾನಿಯನ್ನು ಸರಿಪಡಿಸುವ ಔಷಧಿ ಇಲ್ಲ. ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯವೂ ಹೆಚ್ಚು. ಕೃತಕ ಕ್ವಾರ್ಟ್ಸ್ ಸ್ಲ್ಯಾಬ್‌ಗಳಲ್ಲಿ ಸಿಲಿಕಾ ಶೇ. 90ಕ್ಕೂ ಮೀರಿರಬಹುದು. ಆಸ್ಟ್ರೇಲಿಯ 2024ರ ಜುಲೈ 1ರಿಂದ ಇವನ್ನು ನಿಷೇಧಿಸಿದೆ.

'ಮಾಸ್ಕ್ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವುದಿಲ್ಲ' ಎನ್ನುವುದು ಮಾಲೀಕರ ಸಾಮಾನ್ಯ ಉತ್ತರ. ಆದರೆ ಮಾಸ್ಕ್ ಕೊನೆಯ ರಕ್ಷಣೆ, ಮೊದಲನೆಯದು ನೀರು. ಅಲಗಿನ ಮೇಲೆ ನೀರು ಬೀಳುತ್ತಿದ್ದರೆ ಬಹುಪಾಲು ಧೂಳು ಏಳುವುದೇ ಇಲ್ಲ. ನೀರು, ವಿದ್ಯುತ್ ಜೊತೆಗಿರುವುದರಿಂದ ಅದಕ್ಕೆಂದೇ ತಯಾರಾದ ಯಂತ್ರ, ಸರಿಯಾದ ಅರ್ಥಿಂಗ್ ಬೇಕು. ಇದರ ಜೊತೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಇರಲಿ. ಧೂಳನ್ನು ಒಣಗಿದ್ದಾಗ ಗುಡಿಸದೆ ಒದ್ದೆ ಮಾಡಿ ತೆಗೆಯಬೇಕು.

ಇವೆಲ್ಲ ಗೊತ್ತಿದ್ದೂ ಏಕೆ ನಡೆಯುವುದಿಲ್ಲ? ಅಡಿ ಲೆಕ್ಕದಲ್ಲಿ ಕೂಲಿ ಕೊಡುವಾಗ ಬೇಗ ಮುಗಿಸಿದವನಿಗೇ ಲಾಭ. ನೀರು ನಿಂತಿತೆಂದು ಯಂತ್ರ ನಿಲ್ಲಿಸಿದವನಿಗೆ ಆ ದಿನದ ಕೂಲಿ ಖೋತಾ. ಹೀಗಿರುವಾಗ ಗೋಡೆಯ ಮೇಲೆ 'ಸುರಕ್ಷತೆ ಮೊದಲು' ಎಂದು ಬರೆಸಿ ಪ್ರಯೋಜನವಿಲ್ಲ. ಕೆಲಸ ನಿಲ್ಲಿಸಿದವನ ಕೂಲಿ ಕಡಿತವಾಗದಿದ್ದಾಗ ಮಾತ್ರ ಸುರಕ್ಷತೆ ಅಭ್ಯಾಸವಾಗುತ್ತದೆ.

ಮನೆ ಕಟ್ಟಿಸುವವರೂ ಮಾಲೀಕರೇ. ಸಾಧ್ಯವಾದಷ್ಟು ಕಲ್ಲನ್ನು ಅಳತೆಗೆ ಅಂಗಡಿಯಲ್ಲೇ ನೀರು ಹಾಯಿಸಿ ಕತ್ತರಿಸಬೇಕೆಂದು ಮೊದಲೇ ಮಾತಾಡಿ, ಅದರ ಖರ್ಚು ಕೊಡಿ. ಕಲ್ಲು ಕೆಲಸ ಮಾಡುವವರು ಬೀಡಿ ಬಿಡಬೇಕು, ಧೂಳಿನ ಬಟ್ಟೆಯನ್ನು ಮನೆಗೆ ತರಬಾರದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ, ಎಕ್ಸ್-ರೇ ಮಾಡಿಸಿ, ನಿಮ್ಮ ಕಸುಬು ಏನೆಂದು ವೈದ್ಯರಿಗೆ ಹೇಳಿ. 'ಏನು ಕೆಲಸ ಮಾಡುತ್ತೀರಿ?' ಎಂದು ತಾವಾಗಿ ಕೇಳುವುದು ವೈದ್ಯರ ಕರ್ತವ್ಯವೂ ಹೌದು.