ರುವಾಂಡಾ ಕಾಫಿ: ಊರಿನ ಹೆಸರಿಗೆ ಬಂದ ಬೆಲೆ ಯಾರ ಪಾಲು?

ವಿಶ್ವದ ಕಾಫಿ ವಹಿವಾಟಿನಲ್ಲಿ ಪೂರ್ವ ಆಫ್ರಿಕದ ಪುಟ್ಟ ರಾಷ್ಟ್ರ ರುವಾಂಡಾದ ಪಾಲು ತೀರಾ ಅಲ್ಪ. ನಮ್ಮ ಕೊಡಗು ಜಿಲ್ಲೆಯೊಂದು ಬೆಳೆಯುವಷ್ಟು ಕಾಫಿಯನ್ನೂ ಆ ಇಡೀ ದೇಶ ಬೆಳೆಯುವುದಿಲ್ಲ. ಆದರೂ ಯೂರೋಪಿನಲ್ಲಿ ಮಾರಾಟವಾಗುವ ದುಬಾರಿ ಕಾಫಿಯ ಪೊಟ್ಟಣಗಳ ಮೇಲೆ ಹುಯೆ, ನ್ಯಾಮಶೇಕೆ ಎಂಬ ಅಲ್ಲಿನ ಜಿಲ್ಲೆಗಳ ಹೆಸರು ಅಚ್ಚಾಗುತ್ತದೆ.

ಈ ಹೆಸರು ಜಾಹೀರಾತಿನಿಂದ ಬಂದುದಲ್ಲ. ಬೆಲ್ಜಿಯಂ ಆಳ್ವಿಕೆಯಲ್ಲಿ ಕಡ್ಡಾಯವಾಗಿ ನೆಡಿಸಲಾದ ಕಾಫಿ ಅಲ್ಲಿ ದಶಕಗಳಿಂದಲೂ ಇತ್ತು. ಆದರೆ ರೈತರು ಹಣ್ಣನ್ನು ಮನೆಯಲ್ಲೇ ಸುಲಿದು, ಸಿಕ್ಕ ನೀರಿನಲ್ಲಿ ತೊಳೆದು, ಅಂಗಳದಲ್ಲಿ ಒಣಗಿಸಿ ಮಾರುತ್ತಿದ್ದರು. ಅದಕ್ಕೆ ಸಿಗುತ್ತಿದ್ದುದು ಕೆಳದರ್ಜೆಯ ಬೆಲೆ. 1994ರ ನರಮೇಧದ ತರುವಾಯ ಕಂಗೆಟ್ಟಿದ್ದ ಮರಬ ಪ್ರದೇಶದ ಬೆಳೆಗಾರರು 1999ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಮೆರಿಕದ ನೆರವಿನಿಂದ 2001ರಲ್ಲಿ ಅಲ್ಲಿ ಹಣ್ಣು ತೊಳೆಯುವ ಕೇಂದ್ರ ಆರಂಭವಾಯಿತು. 2003ರಲ್ಲಿ ಬ್ರಿಟನ್ನಿನ ಸೇನ್ಸ್‌ಬರಿ ಮಳಿಗೆಗಳಲ್ಲಿ ಮರಬ ಕಾಫಿ ಅದೇ ಹೆಸರಿನಲ್ಲಿ ಮಾರಾಟಕ್ಕೆ ಬಂತು. 2008ರಲ್ಲಿ 'ಕಪ್ ಆಫ್ ಎಕ್ಸಲೆನ್ಸ್' ಸ್ಪರ್ಧೆಯನ್ನು ಆಫ್ರಿಕದಲ್ಲೇ ಮೊದಲಿಗೆ ನಡೆಸಿದ ಕೀರ್ತಿಯೂ ರುವಾಂಡಾದ್ದಾಯಿತು. ಗಿಡ ಅದೇ, ಮಣ್ಣು ಅದೇ. ಬದಲಾದದ್ದು ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕುವ ಶಿಸ್ತು.

ಇಂಥ ಹೆಸರು ಬಹು ನಾಜೂಕಿನದು. ಆ ಸೀಮೆಯ ಕಾಫಿಗೆ 'ಆಲೂಗಡ್ಡೆ ವಾಸನೆ'ಯ ದೋಷವೊಂದಿದೆ. ಕೀಟಬಾಧೆಯೊಡನೆ ನಂಟುಳ್ಳ ಈ ದೋಷ ಹಸಿ ಬೀಜದಲ್ಲಿ ಕಣ್ಣಿಗೆ ಬೀಳದು. ಹುರಿದು ಪುಡಿ ಮಾಡಿದಾಗಷ್ಟೇ ಹಸಿ ಆಲೂಗಡ್ಡೆಯ ವಾಸನೆ ಮೂಗಿಗೆ ಬಡಿಯುತ್ತದೆ. ಒಂದೇ ಬೀಜ ಒಂದು ಬಟ್ಟಲನ್ನು ಕೆಡಿಸಬಲ್ಲದು. ನೂರಾರು ಗಿಡಗಳನ್ನಷ್ಟೇ ಹೊಂದಿದ ಲಕ್ಷಾಂತರ ಸಣ್ಣ ರೈತರು ಕೀಟ ನಿಯಂತ್ರಿಸಿ, ಕಳಿತ ಹಣ್ಣನ್ನೇ ಆರಿಸಿ ಕೊಯ್ಯದಿದ್ದರೆ ಕೇಂದ್ರದ ಯಂತ್ರಗಳು ಮಾಡುವಂಥದ್ದೇನೂ ಉಳಿಯುವುದಿಲ್ಲ. ಆ ಶ್ರಮಕ್ಕೆ ತಕ್ಕ ಬೆಲೆ ರೈತನಿಗೆ ಮುಟ್ಟಬೇಕಾದುದು ದಾನವಲ್ಲ, ಕಚ್ಚಾಮಾಲಿನ ಖರ್ಚು.

ಇಲ್ಲಿಯೇ ರುವಾಂಡಾ ಸರ್ಕಾರ ಎಡವಿತು. 2016ರಲ್ಲಿ ವಲಯ ಪದ್ಧತಿ ಜಾರಿಗೊಳಿಸಿ, ರೈತ ತನ್ನ ವಲಯಕ್ಕೆ ಗೊತ್ತುಪಡಿಸಿದ ಕೇಂದ್ರಕ್ಕೇ ಹಣ್ಣು ಮಾರಬೇಕೆಂದು ವಿಧಿಸಿತು. ಮಧ್ಯವರ್ತಿಗಳನ್ನು ದೂರವಿಡುವುದು, ಪ್ರತಿ ಮೂಟೆಯ ಮೂಲವನ್ನು ಗುರುತಿಸುವುದು ಅದರ ಉದ್ದೇಶ. ಉದ್ದೇಶ ಸರಿ, ಆದರೆ ಮೂಲ ಗುರುತಿಸಲು ತೂಕದ ರಸೀದಿಯೊಂದು ಸಾಕು. ಅದಕ್ಕಾಗಿ ಪೈಪೋಟಿಯನ್ನೇ ಅಳಿಸಬೇಕಿರಲಿಲ್ಲ. ಸಂಜೆಯೊಳಗೆ ಮಾರದಿದ್ದರೆ ಕೆಡುವ ಸರಕು, ಕೊಳ್ಳುವವನು ಒಬ್ಬನೇ ಎಂದಾಗ ಚೌಕಾಶಿಯ ಗತಿ ಏನಾದೀತೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1996ರವರೆಗೆ ಪೂಲಿಂಗ್ ಪದ್ಧತಿಯಡಿ ಕಾಫಿ ಮಂಡಳಿಗೇ ಬೆಳೆ ಒಪ್ಪಿಸುತ್ತಿದ್ದ ಮಲೆನಾಡಿನ ಹಿರಿಯ ಬೆಳೆಗಾರರಿಗಂತೂ ಬೇಡವೇ ಬೇಡ.

2023ರಲ್ಲಿ ಆ ಪದ್ಧತಿ ರದ್ದಾಯಿತು. ಅದು ಸರಿಯಾದ ಕ್ರಮ. ಗೊಬ್ಬರಕ್ಕೆ ಮುಂಗಡ ಕೊಟ್ಟ ಕೇಂದ್ರ ಬಿಟ್ಟು ರೈತ ಬೇರೆಡೆ ಮಾರಿಕೊಂಡಾನೆಂಬ ಆತಂಕ ನಿರಾಧಾರವಲ್ಲ; ಅದಕ್ಕೆ ಪರಿಹಾರ ಸಾಲದ ಕರಾರಿನಲ್ಲಿದೆ, ನಿರ್ಬಂಧದಲ್ಲಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕರ್ನಾಟಕದ ರಫ್ತುದಾರರೂ ಇದನ್ನು ಗಮನಿಸುವುದೊಳಿತು. ಮಾನ್ಯತೆಯಿಂದ ಹೆಸರಿಗೆ ರಕ್ಷಣೆ ಸಿಗುತ್ತದೆ. ಅದರ ಹೆಚ್ಚುವರಿ ಬೆಲೆಯಲ್ಲಿ ಎರಡೆಕರೆ ತೋಟದವನ ಪಾಲೆಷ್ಟು ಎಂಬುದನ್ನು ಖರೀದಿದಾರನ ಲೆಕ್ಕದ ಪುಸ್ತಕವೇ ಹೇಳಬೇಕು.