ಯಂತ್ರ ಮೂಕವಾದರೆ ಯಾರ ತಪ್ಪು?

ಹೈದರಾಬಾದು ಬಂಡೆಯ ಮೇಲೆ ಕುಳಿತಿರುವ ಊರು. ಗಚ್ಚಿಬೌಲಿ, ನಾರ್ಸಿಂಗಿ, ಕೋಕಾಪೇಟೆಗಳ ಕಡೆ ಒಮ್ಮೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ನಲವತ್ತು ಅಂತಸ್ತು ಮೇಲೇಳುವುದಕ್ಕೆ ಮೊದಲು ನೆಲದೊಳಗಿನ ಕಲ್ಲು ಮೇಲೆ ಬರಬೇಕು. ಆ ಕೆಲಸ ಮಾಡುವ ಎಕ್ಸ್‌ಕವೇಟರುಗಳ ಗೂಡಿನಲ್ಲಿ ಕುಳಿತವರ ಪೈಕಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳ ನಮ್ಮ ಹುಡುಗರೂ ಇದ್ದಾರೆ. ೧೯೫೬ರ ನವೆಂಬರ್ ೧ರಂದು ಆ ಸೀಮೆ ಹೈದರಾಬಾದು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. ಹೊಟ್ಟೆಪಾಡಿನ ದಾರಿ ಮಾತ್ರ ಇಂದಿಗೂ ಇತ್ತಲೇ ಬರುತ್ತದೆ. ಹೋಟೆಲಿನಲ್ಲಿ ಅಣ್ಣ, ಯಂತ್ರದ ಮೇಲೆ ತಮ್ಮ, ಇಂಥ ಮನೆಗಳು ಎಷ್ಟೋ. ಆದುದರಿಂದ ಈ ಸಲ ಗಿರಣಿ ಹೋಟೆಲುಗಳ ಮಾತನ್ನು ಬದಿಗಿಟ್ಟು ತಮ್ಮನ ಸಂಕಟವನ್ನು ಬರೆಯುತ್ತಿದ್ದೇವೆ.

ಸಂಕಟ ಇಂಥದು. ಯಂತ್ರ ಚೆನ್ನಾಗಿ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಎದುರಿನ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ, ‘ಸಂಪರ್ಕ ದೋಷ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ, ತೋಳು ಸೋಲುತ್ತದೆ ಅಥವಾ ಎಂಜಿನ್ ನಿಂತೇ ಹೋಗುತ್ತದೆ. ಯಂತ್ರ ಗಂಟೆಯ ಬಾಡಿಗೆಯದು. ಮೇಸ್ತ್ರಿ ಓಡಿ ಬಂದು ಕೇಳುವ ಮೊದಲ ಪ್ರಶ್ನೆ, “ಏನು ಒತ್ತಿದೆಯೋ?” ಸಂಜೆಗೆ ಕೂಲಿಯಲ್ಲಿ ಕಡಿತ. ಕಾರಣ ಯಾರಿಗೂ ತಿಳಿದಿಲ್ಲ. ಅಪರಾಧಿ ಮಾತ್ರ ಆಗಲೇ ಗೊತ್ತಾಗಿಬಿಟ್ಟಿದ್ದಾನೆ.

ಬೆಂಗಳೂರಿನಲ್ಲಿ ೧೯೬೪ರಲ್ಲಿ ಭಾರತ್ ಅರ್ತ್ ಮೂವರ್ಸ್ ಸಂಸ್ಥೆ ಹುಟ್ಟಿದ ಕಾಲದ ಯಂತ್ರಗಳಲ್ಲಿ ಸನ್ನೆಕೋಲು, ತಂತಿ, ಎಣ್ಣೆಯ ಕೊಳವೆ ಇಷ್ಟೇ. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಎಣ್ಣೆ ಸೋರುತ್ತಿತ್ತು. ಇಂದಿನ ಯಂತ್ರದಲ್ಲಿ ಎಂಜಿನ್ನಿಗೊಂದು ಕಂಪ್ಯೂಟರ್, ಪಂಪು ಮತ್ತು ವಾಲ್ವುಗಳಿಗೊಂದು, ಪರದೆಗೊಂದು. ಇವು ಒಂದಕ್ಕೊಂದು ಮಾತಾಡುವುದು ಹುರಿಹೆಣೆದ ಎರಡೇ ತಂತಿಗಳ ಮೇಲೆ. ಇದಕ್ಕೆ ‘ಕ್ಯಾನ್’ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ ೧೯೮೩ರಲ್ಲಿ ಇದರ ಕೆಲಸ ತೊಡಗಿ ೧೯೮೬ರಲ್ಲಿ ಲೋಕಕ್ಕೆ ತೋರಿಸಿತು.

ಹೋಟೆಲಿನ ಬಂಧುಗಳಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಸಪ್ಲೈಯರ್ ಬಾಗಿಲಲ್ಲಿ ನಿಂತು “ಎರಡು ಮಸಾಲೆ, ಒಂದು ಇಡ್ಲಿ, ಮೂರು ಕಾಫಿ” ಎಂದು ಕೂಗುತ್ತಾನೆ. ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ. ಅಡುಗೆಮನೆಯವರೆಲ್ಲ ಕೇಳುತ್ತಾರೆ, ದೋಸೆಯವ ದೋಸೆಯನ್ನು ಹಿಡಿಯುತ್ತಾನೆ, ಕಾಫಿಯವ ಕಾಫಿಯನ್ನು. ಇಬ್ಬರು ಒಟ್ಟಿಗೇ ಕೂಗಿದರೆ ಹೆಚ್ಚಿನ ಜರೂರಿನವನ ಮಾತು ಮುಂದೆ, ಇನ್ನೊಬ್ಬ ಸುಮ್ಮನಾಗಿ ಮತ್ತೆ ಕೂಗುತ್ತಾನೆ. ಕ್ಯಾನ್ ತಂತಿಯ ಮೇಲೆ ನಡೆಯುವುದು ಇದೇ, ಸೆಕೆಂಡಿಗೆ ನೂರಾರು ಸಲ. ಈಗ ಯಾರೋ ಒಬ್ಬ ಬಾಗಿಲಿಗೆ ಅಡ್ಡ ನಿಂತು ಅರ್ಥವಿಲ್ಲದೆ ಕಿರಿಚುತ್ತಲೇ ಇದ್ದರೆ? ದೋಸೆಯವನೂ ನಿಂತ, ಕಾಫಿಯವನೂ ನಿಂತ. ಅವರಿಬ್ಬರನ್ನೂ ಕೆಲಸದಿಂದ ತೆಗೆದರೆ ಹೋಟೆಲು ನಡೆದೀತೆ?

ಗಿರಣಿಯವರಿಗೆ ಇನ್ನೊಂದು ಮಾತು. ಹಾಸಿನ ಎಳೆ ಕಡಿದರೆ ತೆಳು ತಗಡು ಕೆಳಕ್ಕೆ ಬಿದ್ದು ಮಗ್ಗ ನಿಲ್ಲುತ್ತದೆ. ತಗಡನ್ನು ಯಾರೂ ಬಯ್ಯುವುದಿಲ್ಲ. ಕಡಿದ ಎಳೆಯನ್ನು ಹುಡುಕುತ್ತಾರೆ. ಪರದೆಯ ಮೇಲಿನ ಸಂಖ್ಯೆ ಆ ತಗಡು. “ಇಂಥವನ ಮಾತು ನನಗೆ ಬರಲಿಲ್ಲ” ಎಂದು ಅದು ಹೇಳುತ್ತದೆಯೇ ಹೊರತು “ಇಂಥವನು ಕೆಟ್ಟಿದ್ದಾನೆ” ಎಂದಲ್ಲ. ಇದನ್ನು ತಿಳಿಯದೆ ಕಂಪ್ಯೂಟರನ್ನೇ ಬದಲಾಯಿಸಿ ದುಡ್ಡು ಕಳೆದುಕೊಂಡ ಮಾಲೀಕರನ್ನು ನಾವು ಬಲ್ಲೆವು.

ಹಾಗಾದರೆ ಎಳೆಯನ್ನು ಹುಡುಕುವುದು ಹೇಗೆ? ಕೆಲವು ನೂರು ರೂಪಾಯಿಯ ಮಲ್ಟಿಮೀಟರೊಂದು ಸಾಕು. ತಂತಿಯ ಎರಡು ತುದಿಗಳಲ್ಲೂ ೧೨೦ ಓಮಿನ ಒಂದೊಂದು ತಡೆ ಇರುತ್ತದೆ. ಕೀಲಿ ಆರಿಸಿ, ಬ್ಯಾಟರಿಯ ಸಂಪರ್ಕ ಬಿಡಿಸಿ, ಎರಡು ತಂತಿಗಳ ನಡುವೆ ಅಳೆದರೆ ಸುಮಾರು ೬೦ ಬರಬೇಕು. ೧೨೦ ಬಂದರೆ ಒಂದು ತುದಿ ಕಾಣುತ್ತಿಲ್ಲ: ತಡೆ ಹೋಗಿದೆ, ಇಲ್ಲವೆ ನಡುವೆ ತಂತಿ ಕಡಿದಿದೆ. ಸೊನ್ನೆಗೆ ಹತ್ತಿರವಾದರೆ ಎರಡು ತಂತಿಗಳು ತಾಗಿಕೊಂಡಿವೆ. ೪೦ ಬಂದರೆ ಯಾರೋ ಮೂರನೆಯ ತಡೆಯನ್ನು ಸೇರಿಸಿದ್ದಾರೆ. ಮತ್ತೆ ಕೀಲಿ ಹಾಕಿ ನೋಡಿದರೆ ಎರಡು ತಂತಿಗಳೂ ಎರಡೂವರೆ ವೋಲ್ಟಿನ ಆಸುಪಾಸಿನಲ್ಲಿ, ಒಂದು ತುಸು ಮೇಲೆ ಇನ್ನೊಂದು ತುಸು ಕೆಳಗೆ ಇರಬೇಕು. ಒಂದು ಸೊನ್ನೆಗೆ ಇಳಿದಿದ್ದರೆ ಅದು ಮೈಗೆ ತಾಗಿದೆ. ೨೪ಕ್ಕೆ ಏರಿದ್ದರೆ ಬ್ಯಾಟರಿಯ ತಂತಿಗೆ ತಾಗಿದೆ.

ಅದಕ್ಕೂ ಮೊದಲು ನೋಡಬೇಕಾದದ್ದು ಬ್ಯಾಟರಿ, ಫ್ಯೂಸು ಮತ್ತು ಅರ್ತಿಂಗಿನ ತಂತಿ. ಬ್ಯಾಟರಿ ಸೊರಗಿದ್ದರೆ ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಕಂಪ್ಯೂಟರುಗಳು ಕ್ಷಣಕಾಲ ನಿದ್ದೆಹೋಗಿ ಸುಳ್ಳು ದೂರುಗಳನ್ನು ಬರೆದಿಡುತ್ತವೆ. ಆದುದರಿಂದ ಸಂಖ್ಯೆಗಳನ್ನು ಬರೆದುಕೊಂಡು ಅಳಿಸಿ, ಮರಳಿ ಬಂದದ್ದನ್ನು ಮಾತ್ರ ನಂಬಬೇಕು. ಎಲ್ಲರೂ ಎಲ್ಲರ ಮೇಲೂ ದೂರಿದರೆ ದೋಷ ತಂತಿಯಲ್ಲಿ ಅಥವಾ ವಿದ್ಯುತ್ತಿನಲ್ಲಿ. ಎಲ್ಲರೂ ಒಬ್ಬನ ಮೇಲೇ ದೂರಿದರೆ ಆ ಒಬ್ಬನ ಫ್ಯೂಸು, ಅರ್ತಿಂಗ್, ಕನೆಕ್ಟರು. ಕೀಲಿ ಆರಿಸಿ ಒಂದೊಂದೇ ಕಂಪ್ಯೂಟರಿನ ಕನೆಕ್ಟರು ಬಿಡಿಸಿ ನೋಡುತ್ತ ಹೋದರೆ ಕಿರಿಚುವವನೂ ಸಿಕ್ಕಿಬೀಳುತ್ತಾನೆ. ಕಲ್ಲೊಡೆಯುವ ಸುತ್ತಿಗೆ ಕಟ್ಟಿದ ಯಂತ್ರದಲ್ಲಿ ಈ ದೋಷ ಹೆಚ್ಚು, ಏಕೆಂದರೆ ನಡುಕ ಪಿನ್ನುಗಳನ್ನು ಸಡಿಲಿಸುತ್ತದೆ, ತಂತಿಯನ್ನು ಕಬ್ಬಿಣದಂಚಿಗೆ ಉಜ್ಜುತ್ತದೆ. ಮಳೆನೀರು, ರಭಸದ ನೀರಿನಿಂದ ತೊಳೆಯುವುದು, ಇಲಿ, ಇವು ಉಳಿದ ಕೆಲಸ ಮಾಡುತ್ತವೆ. ತಂತಿಗೆ ಸೂಜಿ ಚುಚ್ಚಿ ಅಳೆಯುವ ಚಟವೊಂದಿದೆ. ಇಂದಿನ ತೂತು ನಾಳಿನ ತುಕ್ಕು. ಇನ್ನು ಬಕೆಟ್ಟಿಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿಯನ್ನೂ ಕಂಪ್ಯೂಟರುಗಳನ್ನೂ ಬಿಡಿಸದೆ ಹೋದರೆ ಆ ಒಂದೇ ಕಿಡಿಗೆ ಎಲ್ಲವೂ ಸುಟ್ಟಾವು.

ಹಿಂದಿನ ಮಳೆಗಾಲದಲ್ಲಿ ಊರಿನ ಪಡುವಣ ಅಂಚಿನ ಒಂದು ಕೆಲಸದಲ್ಲಿ ನಮ್ಮ ಬೀದರ ಕಡೆಯ ಹುಡುಗನೊಬ್ಬನ ಯಂತ್ರ ಹೀಗೆಯೇ ನಿಂತಿತು. ಗುತ್ತಿಗೆದಾರನ ಹೆಸರು ಇಲ್ಲಿ ಬೇಡ. ಮೂರು ದಿನದ ಕೂಲಿ ಹೋಯಿತು, ಹುಡುಗನಿಗೆ ಬೈಗಳು ಆದುವು, ಒಂದು ಕಂಪ್ಯೂಟರ್ ಬದಲಾಯಿತು, ದೋಷ ಇದ್ದಲ್ಲೇ ಇತ್ತು. ನಾಲ್ಕನೆಯ ದಿನ ಬಂದ ವಯಸ್ಸಾದ ಮೆಕ್ಯಾನಿಕ್ಕು ಅಳೆದು ೧೨೦ ಎಂದ. ಸೀಟಿನ ಹಿಂದಿನ ಕನೆಕ್ಟರಿನಲ್ಲಿ ಹಸಿರುಗಟ್ಟಿದ ಒಂದು ಪಿನ್ನು ಸಿಕ್ಕಿತು. ಅರ್ಧ ಗಂಟೆಯ ಕೆಲಸ. ಕೂಲಿ ಮಾತ್ರ ಹಿಂದಕ್ಕೆ ಬರಲಿಲ್ಲ.

ಮಾಲೀಕರ ಕಷ್ಟವೂ ನಮಗೆ ತಿಳಿಯದ್ದಲ್ಲ. ಕಂಪ್ಯೂಟರಿನೊಳಗನ್ನು ಓದುವ ಉಪಕರಣ ಬಹುಮಟ್ಟಿಗೆ ಯಂತ್ರ ಮಾಡಿದವರ ಕೈಯಲ್ಲೇ ಇರುತ್ತದೆ. ಅವರ ಮನುಷ್ಯ ಬರುವ ತನಕ ಕಾಯಬೇಕು. ‘ದುರಸ್ತಿಯ ಹಕ್ಕಿ’ಗಾಗಿ ಭಾರತ ಸರ್ಕಾರ ೨೦೨೨ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಮೊದಲಿಗೆ ಹೆಸರಿಸಿದ್ದು ಬೇಸಾಯದ ಉಪಕರಣ, ಮೊಬೈಲ್, ಮನೆಬಳಕೆಯ ಸಾಮಾನು, ಮೋಟಾರು ವಾಹನ. ನೆಲ ಅಗೆಯುವ ಯಂತ್ರಕ್ಕೆ ಅಲ್ಲಿ ಪ್ರತ್ಯೇಕ ಸಾಲು ಸಿಗಲಿಲ್ಲ. ಅದನ್ನೂ ಸೇರಿಸಿರೆಂದು ಕೇಳುವುದು ನ್ಯಾಯ. ಕೋಲಾರ ಚಿನ್ನದ ಗಣಿಯ ಊರಿನಲ್ಲೂ ಧಾರವಾಡದಲ್ಲೂ ಈ ಯಂತ್ರಗಳು ತಯಾರಾಗುತ್ತವೆ. ನಮ್ಮ ಜನ ಪಟ್ಟಿಚಕ್ರದ ಯಂತ್ರ ಯಾವುದೇ ಆಗಿರಲಿ ‘ಹಿಟಾಚಿ’ ಎಂದೇ ಕರೆಯುತ್ತಾರೆ. ಕನ್ನಡ ನಾಡಿನಲ್ಲಿ ಹುಟ್ಟಿದ ಯಂತ್ರದ ಜತೆಗೆ ತಂತಿಗಳ ನಕ್ಷೆಯೂ ಸಂಖ್ಯೆಗಳ ಅರ್ಥವೂ ಕನ್ನಡದಲ್ಲಿ, ಇಲ್ಲಿನ ಕೆಲಸಕ್ಕೆ ತೆಲುಗಿನಲ್ಲಿ, ಗೂಡಿನೊಳಗೇ ಇರಲಿ ಎಂಬುದು ಅತಿಯಾಸೆಯಲ್ಲ.

ಗುತ್ತಿಗೆದಾರರಲ್ಲಿ ನಾವು ಕೇಳುವುದು ಇನ್ನೂ ಚಿಕ್ಕದು. ಪ್ರತಿ ಯಂತ್ರದಲ್ಲಿ ಒಂದು ದಾಖಲೆ ಪುಸ್ತಕವಿರಲಿ: ಯಂತ್ರ ನಿಂತ ಗಂಟೆ, ಪರದೆಯ ಸಂಖ್ಯೆ, ಆಗ ಮಾಡುತ್ತಿದ್ದ ಕೆಲಸ, ಮಳೆ ಇತ್ತೆ ಇಲ್ಲವೆ. ಚಾಲಕ ಬರೆಯಲಿ, ಮೇಸ್ತ್ರಿ ರುಜು ಹಾಕಲಿ. ದೋಷ ಎಲ್ಲಿ ಸಿಕ್ಕಿತೆಂಬುದನ್ನು ಮೆಕ್ಯಾನಿಕ್ಕು ಅದರ ಕೆಳಗೆ ಬರೆಯುವ ತನಕ ಕೂಲಿಗೆ ಕೈ ಹಾಕಬಾರದು. ಕಾದು ಕುಳಿತ ದಿನದ ಕೂಲಿಯೂ ಕೂಲಿಯೇ. ಕೆಲವು ಯಂತ್ರಗಳಲ್ಲಿ ಪಂಪಿಗೆ ತುರ್ತು ಸ್ವಿಚ್ಚು ಇದೆ. ಅದು ಯಂತ್ರವನ್ನು ಗುಂಡಿಯಿಂದ ಸುರಕ್ಷಿತ ಜಾಗಕ್ಕೆ ತರುವುದಕ್ಕಾಗಿ, ದಿನವಿಡೀ ಕಲ್ಲು ಒಡೆಸುವುದಕ್ಕಾಗಿ ಅಲ್ಲ. ಹಾಗೆ ಒಡೆಸು ಎಂದವರ ಹೆಸರನ್ನೂ ಚಾಲಕರು ಅದೇ ಪುಸ್ತಕದಲ್ಲಿ ಬರೆದಿಡಲಿ.